ಠಾಣೆಗೆ ಹೋದ ಬಂದೂಕು, ಹೊಲಕ್ಕೆ ಬಂದ ಹಂದಿ

ಚುನಾವಣೆಯ ದಿನಾಂಕ ಪ್ರಕಟವಾದ ನಾಲ್ಕಾರು ದಿನಗಳಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸುತ್ತದೆ. ಪರವಾನಗಿ ಪಡೆದವರೆಲ್ಲ ತಮ್ಮ ಶಸ್ತ್ರಗಳನ್ನು ಸಮೀಪದ ಠಾಣೆಯಲ್ಲಿ ಠೇವಣಿ ಇಡಬೇಕು, ತಪ್ಪಿದರೆ ಕಾನೂನು ಕ್ರಮ. ಓದಿದವರಿಗೆ ಸಮಾಧಾನ: ಆಡಳಿತ ಬಿಗಿಯಾಗಿದೆ, ಬಂದೂಕುಗಳು ಬೀಗದೊಳಗಿವೆ, ಮತದಾನ ಶಾಂತವಾಗಿ ನಡೆಯುತ್ತದೆ. ಕಲಬುರಗಿಯ ವಕೀಲರಿಂದ ಹಿಡಿದು ಕಾಲೇಜು ಮೇಷ್ಟರವರೆಗೆ ಈ ಮಾತಿಗೆ ತಲೆಯಾಡಿಸದವರು ಕಡಿಮೆ. ಬಂದೂಕು ಕಡಿಮೆಯಾದಷ್ಟೂ ಒಳ್ಳೆಯದು, ಕಾನೂನು ಬಿಗಿಯಾದಷ್ಟೂ ಒಳ್ಳೆಯದು ಎಂಬುದನ್ನು ಯಾರೂ ಚರ್ಚಿಸುವುದೇ ಇಲ್ಲ.

ಬೀಗದೊಳಗೆ ಹೋದದ್ದು ಯಾರ ಬಂದೂಕು ಎಂದು ಕೇಳಿದರೆ ಈ ಸಮಾಧಾನ ಸ್ವಲ್ಪ ಅಲುಗಾಡುತ್ತದೆ. ಹೆಸರು, ವಿಳಾಸ, ಭಾವಚಿತ್ರ, ಬಂದೂಕಿನ ನಂಬರು, ಇಟ್ಟುಕೊಳ್ಳಬಹುದಾದ ತೋಟೆಗಳ ಲೆಕ್ಕ, ಎಲ್ಲವನ್ನೂ ತಾನೇ ಹೋಗಿ ಬರೆಸಿದವನದು. ಪೊಲೀಸರು ಮನೆಗೆ ಬಂದು ವಿಚಾರಿಸಿ, ಇವನ ಮೇಲೆ ಕೇಸಿಲ್ಲ ಎಂದು ವರದಿ ಕೊಟ್ಟ ಮೇಲೆಯೇ ಅವನ ಕೈಗೆ ಲೈಸೆನ್ಸ್ ಬಂದದ್ದು. ಕರ್ನಾಟಕದಲ್ಲಿ ಇಂಥ ಪರವಾನಗಿಗಳು ಲಕ್ಷಕ್ಕೂ ಮೇಲಿವೆ. ಸರ್ಕಾರಕ್ಕೆ ಅತಿ ಸುಲಭವಾಗಿ ಸಿಗುವವರು ಇವರು. ಒಂದು ಫೋನು ಸಾಕು, ಬಂದೂಕು ಹೆಗಲಿಗೇರಿಸಿಕೊಂಡು ಠಾಣೆಗೆ ಬರುತ್ತಾರೆ. ಸುಲಭವಾಗಿ ಸಿಗುವವರ ಮೇಲೆ ತೋರಿಸುವ ಬಿಗಿಯನ್ನೇ ನಾವು ಕಾನೂನಿನ ಬಿಗಿ ಎಂದು ಎಣಿಸುತ್ತಿದ್ದೇವೆ ಎಂಬುದು ನನ್ನ ತಕರಾರು.

ಮೊದಲಿಗೆ, ಎಲ್ಲರೂ ಠೇವಣಿ ಇಡಲೇಬೇಕೆಂಬುದು ಚುನಾವಣಾ ಆಯೋಗದ ನಿಯಮ ಎಂದು ತಿಳಿದಿರುವುದೇ ತಪ್ಪು. ಆಯೋಗದ ಸೂಚನೆಯಲ್ಲಿ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯ ಮಾತಿದೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ದೊಂಬಿಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ದೊಂಬಿಯಲ್ಲಿ ಪಾಲ್ಗೊಂಡವರು, ಹೀಗೆ ಒಬ್ಬೊಬ್ಬರ ಪರವಾನಗಿಯನ್ನು ನೋಡಿ, ಬೇಕೆನಿಸಿದವರ ಶಸ್ತ್ರವನ್ನು ಮಾತ್ರ ತರಿಸಿಕೊಳ್ಳಬೇಕು. ಬಾಂಬೆ ಹೈಕೋರ್ಟು ಇದನ್ನು ಹಿಂದೆಯೇ ಹೇಳಿತ್ತು. 2024ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟು ಕೂಡ ಸಾರಾಸಗಟು ಆದೇಶ ಸಲ್ಲದು, ವ್ಯಕ್ತಿವಾರು ಕಾರಣವನ್ನು ಲಿಖಿತವಾಗಿ ಕೊಡಬೇಕು ಎಂದಿತು. ದೇಶದಲ್ಲೇ ಅತಿ ಹೆಚ್ಚು ಪರವಾನಗಿ ಇರುವ ಉತ್ತರ ಪ್ರದೇಶಕ್ಕೆ ಹೇಳಿದ ಮಾತು ಅದು. ಅಲ್ಲಿ ಸಾಧ್ಯವೆಂದು ಕೋರ್ಟು ಭಾವಿಸಿದ್ದು ನಮ್ಮ ಜಿಲ್ಲೆಗಳಲ್ಲಿ ಏಕೆ ಅಸಾಧ್ಯ? ಕಡತ ತೆರೆದು ಒಬ್ಬೊಬ್ಬರನ್ನು ನೋಡುವುದಕ್ಕಿಂತ ಎಲ್ಲರಿಗೂ ಸೇರಿಸಿ ಒಂದು ಪ್ರಕಟಣೆ ಹೊರಡಿಸುವುದು ಹಗುರ. ಬೇರೆ ಕಾರಣ ನನಗೆ ತೋಚುವುದಿಲ್ಲ.

ಇದರ ಬೆಲೆ ತೆರುವವರು ಕಲಬುರಗಿ ನಗರದಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಗರದ ಲೈಸೆನ್ಸುದಾರ ಹೆಚ್ಚಾಗಿ ವ್ಯಾಪಾರಿ, ಗುತ್ತಿಗೆದಾರ, ರಾಜಕಾರಣಿ. ಕೆಲವರಿಗೆ ಸೊಂಟದ ಪಿಸ್ತೂಲು ದೊಡ್ಡಸ್ತಿಕೆಯ ಗುರುತು. ಅಂಥದು ಎರಡು ತಿಂಗಳು ಠಾಣೆಯಲ್ಲಿ ಮಲಗಿದರೆ ಯಾರೂ ಸೊರಗುವುದಿಲ್ಲ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟರೆ ವಿಷಯ ಬೇರೆಯಾಗುತ್ತದೆ. ಅಲ್ಲಿ ಬಂದೂಕೆಂದರೆ ಹಳೆಯ ಸಿಂಗಲ್ ಬ್ಯಾರಲ್ಲು, ಕೆಲವೆಡೆ ಅಜ್ಜನ ಕಾಲದ ಮದ್ದು ತುಂಬುವ ನಳಿಗೆ. ಜಿಐ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ, ಬಾವಿ ನೀರಿನ ಕಬ್ಬು, ಮಳೆ ನಂಬಿದ ತೊಗರಿ. ಈ ಮೂರಕ್ಕೂ ಹಂದಿ ಬರುತ್ತದೆ. ಹಂದಿಗೆ ಬಾಳೆಯ ಗೊನೆ ಬೇಕಿಲ್ಲ, ಗಡ್ಡೆ ಸಾಕು. ಹಿಂಡು ಒಂದು ರಾತ್ರಿ ನುಗ್ಗಿದರೆ ವರ್ಷದ ಗಿಡಗಳು ಬೇರುಸಮೇತ ಮಲಗುತ್ತವೆ. ಪಕ್ಕದ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಒಣನಾಡಿನ ಅಪರೂಪದ ಆ ಕಾಡು ಉಳಿದದ್ದು ಒಳ್ಳೆಯದೇ. ಆದರೆ ಧಾಮದ ಗಡಿ ಎಲ್ಲಿ ಮುಗಿಯುತ್ತದೆಂದು ಹಂದಿಗೆ ಯಾರೂ ಹೇಳಿಲ್ಲ.

ಬೆಳೆ ಕಾಯುವ ರೈತನನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಮರೆತಿರಲಿಲ್ಲ. ನಿಜವಾದ ಬೆಳೆ ರಕ್ಷಣೆಗೆ ಮದ್ದು ತುಂಬುವ ಬಂದೂಕು ಕೇಳಿದ ನಾಗರಿಕನಿಗೆ, ಅನರ್ಹತೆಗಳಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು ಎನ್ನುತ್ತದೆ ಅದರ 13ನೇ ಕಲಂ. ಪಿಸ್ತೂಲಿಗೆ ಕಾರಣ ತೋರಿಸಬೇಕು, ಅಧಿಕಾರಿಗೆ ಮನವರಿಕೆಯಾಗಬೇಕು. ರೈತನ ನಳಿಗೆಗೆ ಅಷ್ಟು ಬೇಡ. ಶಾಸನ ಮಾಡಿದವರು ಇಟ್ಟುಕೊಂಡಿದ್ದ ಈ ವಿವೇಕ ಚುನಾವಣೆ ಪ್ರಕಟಣೆಯ ಹೊತ್ತಿಗೆ ಆವಿಯಾಗುತ್ತದೆ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಕಲಬುರಗಿ ಕ್ಷೇತ್ರದ ಮತದಾನ ಮೇ 7ಕ್ಕೆ ಮುಗಿಯಿತು, ಸಂಹಿತೆ ತೆರವಾದದ್ದು ಜೂನ್ 6ಕ್ಕೆ. ಉತ್ತರ ಭಾರತದ ಏಳನೇ ಹಂತದ ಮತದಾನಕ್ಕೆ ಕಮಲಾಪುರದ ಬಾಳೆತೋಟ ಕಾವಲಿಲ್ಲದೆ ಕಾಯಬೇಕಾದ ಲೆಕ್ಕ ಇದು. 2020ರ ಗ್ರಾಮ ಪಂಚಾಯಿತಿ ಚುನಾವಣೆಯಂತೂ ಡಿಸೆಂಬರ್ 22 ಮತ್ತು 27ಕ್ಕೆ ನಡೆಯಿತು. ತೊಗರಿ ಕೊಯ್ಲಿನ ತಿಂಗಳು. ಪ್ರಕಟಣೆಯ ಕರಡು ಬರೆಯುವವರು ಕ್ಯಾಲೆಂಡರು ನೋಡುತ್ತಾರೆ, ಹೊಲ ನೋಡುವುದಿಲ್ಲ.

ಬಂದೂಕು ಕೈಯಲ್ಲಿದ್ದರೂ ಹಂದಿಗೆ ಗುರಿಯಿಡುವಂತಿಲ್ಲ ಎಂಬುದು ಇನ್ನೊಂದು ಗಂಟು. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾನಿಯ ಕಾರಣಕ್ಕೆ ಕೊಲ್ಲಲು 11ನೇ ಕಲಮಿನಡಿ ಲಿಖಿತ ಅನುಮತಿ ಬೇಕು. ಚಿಂಚೋಳಿಯಾಚೆಯ ತೆಲಂಗಾಣದಲ್ಲೂ ದೂರದ ಕೇರಳದಲ್ಲೂ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರ ಮಟ್ಟಕ್ಕೆ ಇಳಿಸಿದ್ದಾರೆ. ಇಲ್ಲಿಯ ರೈತ ಗಾಳಿಯಲ್ಲಿ ಒಂದು ಗುಂಡು ಹಾರಿಸಿ, ಸದ್ದಿಗೆ ಹಿಂಡು ಚದುರಿತೆಂದು ಮಲಗಬೇಕು. ಆ ಸದ್ದನ್ನೂ ಕಸಿದುಕೊಂಡಾಗ ಅವನು ಸುಮ್ಮನೆ ಕೂರುವುದಿಲ್ಲ. ಬೇಲಿಯ ತಂತಿಗೆ ಕರೆಂಟು ಕೊಡುತ್ತಾನೆ, ಇಲ್ಲವೇ ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುತ್ತಾನೆ. ತಂತಿಗೆ ಪಕ್ಕದ ಹೊಲದವನು ಸಾಯುತ್ತಾನೆ, ಮದ್ದಿಗೆ ಮೇಯುವ ಆಕಳ ಬಾಯಿ ಛಿದ್ರವಾಗುತ್ತದೆ. ರಾಜ್ಯದ ಎಲ್ಲ ಮೂಲೆಗಳಿಂದಲೂ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಲೆಕ್ಕವಿರುವ ಬಂದೂಕಿಗಿಂತ ಲೆಕ್ಕವಿಲ್ಲದ ತಂತಿ ಹೆಚ್ಚು ಕೆಡುಕಿನದು. ಆದರೆ ತಂತಿಗೆ ಲೈಸೆನ್ಸ್ ಇಲ್ಲವಾದ್ದರಿಂದ ಅದು ಯಾವ ಪ್ರಕಟಣೆಗೂ ಸಿಗುವುದಿಲ್ಲ.

ಇನ್ನು ಮೊಕದ್ದಮೆಗಳ ಮಾತು. ಪರವಾನಗಿಯ ಅವಧಿ ಮುಗಿದ ಮರುದಿನ ಮನೆಯ ಮೂಲೆಯಲ್ಲಿ ನಿಂತ ಬಂದೂಕು ಅಕ್ರಮ ಶಸ್ತ್ರವಾಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ಅದೇ ತಿದ್ದುಪಡಿ ಪರವಾನಗಿಯಿಲ್ಲದೆ ಇಟ್ಟುಕೊಂಡದ್ದರ ಶಿಕ್ಷೆಯನ್ನೂ ಏರಿಸಿತು. ರಿನೀವಲ್ ಮರೆತ ಎಪ್ಪತ್ತರ ಮುದುಕನೂ ಬ್ಯಾಗಿನಲ್ಲಿ ಪಿಸ್ತೂಲು ಸಾಗಿಸುವ ದಲ್ಲಾಳಿಯೂ ನಿಲ್ಲುವುದು ಒಂದೇ 25ನೇ ಕಲಮಿನ ಕೆಳಗೆ. ಪರವಾನಗಿಯ ಷರತ್ತು ಮೀರಿದ್ದಕ್ಕೆ ಆರು ತಿಂಗಳವರೆಗಿನ ಶಿಕ್ಷೆಯ 30ನೇ ಕಲಂ ಬೇರೆ ಇದೆ. ಕಾಗದ ತಡವಾದವನಿಗೆ ಅದೇ ಅಳತೆ ಸಾಕಿತ್ತು. ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುವವರದು ಇನ್ನೊಂದು ಕಥೆ: ಚೀಲದ ತಳದಲ್ಲಿ ಮರೆತುಹೋದ ಒಂದೇ ಒಂದು ತೋಟೆ, ಎಫ್‌ಐಆರ್, ಬಂಧನ, ಕೊನೆಗೆ ಹೈಕೋರ್ಟಿನಲ್ಲಿ ರದ್ದು. ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅದು ಸ್ವಾಧೀನ ಎಂದು ಸುಪ್ರೀಂ ಕೋರ್ಟು 1972ರಲ್ಲೇ ಗುನ್ವಂತ್ ಲಾಲ್ ಪ್ರಕರಣದಲ್ಲಿ ಹೇಳಿಯಾಗಿದೆ. ಅರ್ಧ ಶತಮಾನ ಕಳೆದರೂ ಆ ಮಾತು ಠಾಣೆಯ ಮೇಜಿಗೆ ಇಳಿದಿಲ್ಲ.

ಅತ್ತ ನಿಜವಾದ ಭಯ ಎಲ್ಲಿದೆ? ಭೀಮಾ ತೀರದ ಹೆಸರು ಕೇಳದ ಕನ್ನಡಿಗನಿಲ್ಲ. ಸಿನಿಮಾ ಕೂಡ ಬಂತು. ಅಫಜಲಪುರ, ಇಂಡಿ, ಸಿಂದಗಿ ಸೀಮೆಯಲ್ಲಿ ದ್ವೇಷ ತೀರಿಸಿಕೊಂಡ ಕಂಟ್ರಿ ಪಿಸ್ತೂಲುಗಳು ಯಾವ ಜಿಲ್ಲಾಧಿಕಾರಿಯ ರಿಜಿಸ್ಟರಿನಲ್ಲೂ ಇರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಎಂಎಂನ ಒಂದೇ ನಾಡ ಪಿಸ್ತೂಲು ಎಂದು ತನಿಖೆ ಹೇಳಿತು. ಎರಡು ವರ್ಷ ಅದು ಎಲ್ಲೋ ಸುರಕ್ಷಿತವಾಗಿ ಕುಳಿತಿತ್ತು. ಆ ಮಧ್ಯೆ ಪಂಚಾಯಿತಿ ಚುನಾವಣೆಗಳೂ ಬಂದು ಹೋದವು. 2025ರ ಜನವರಿ 16ರಂದು ಪಕ್ಕದ ಬೀದರಿನಲ್ಲಿ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ ಎಟಿಎಂ ಹಣದ ಪೆಟ್ಟಿಗೆ ಹೊತ್ತೊಯ್ದರು. ನೀತಿ ಸಂಹಿತೆ ಬಂತೆಂದು ಠಾಣೆಗೆ ಹೋಗಿ ರಸೀದಿ ಪಡೆಯುವ ಜನವಲ್ಲ ಇವರು. ಇವರನ್ನು ಹಿಡಿಯಲು ಬೇಕಾದದ್ದು ಮಾಹಿತಿದಾರರು, ರಾಜ್ಯಗಳ ನಡುವಿನ ತನಿಖೆ, ತಿಂಗಳುಗಟ್ಟಲೆ ತಾಳ್ಮೆ. ಪತ್ರಿಕಾ ಪ್ರಕಟಣೆಗೆ ಅದು ದಕ್ಕುವ ಕೆಲಸವಲ್ಲ.

ಪರವಾನಗಿ ಇರುವವರೆಲ್ಲ ಸಾಧುಗಳಲ್ಲ, ಇದು ನಿಜವಾದ ಆಕ್ಷೇಪ. ಜಮೀನು ಜಗಳದಲ್ಲಿ, ಕುಡಿದ ಅಮಲಿನಲ್ಲಿ ಲೈಸೆನ್ಸಿನ ಬಂದೂಕೂ ಹೆಣ ಬೀಳಿಸಿದೆ. ಮದುವೆ ಮೆರವಣಿಗೆಯಲ್ಲಿ ಹಾರಿದ ಗುಂಡು ನೋಡುತ್ತ ನಿಂತವರನ್ನು ಕೊಂದಿದೆ. ಸಂಭ್ರಮಕ್ಕೆ ಗುಂಡು ಹಾರಿಸುವುದಕ್ಕೆ 2019ರಲ್ಲಿ ಎರಡು ವರ್ಷದವರೆಗಿನ ಸೆರೆಯನ್ನೋ ಲಕ್ಷ ರೂಪಾಯಿಯವರೆಗಿನ ದಂಡವನ್ನೋ ಇಟ್ಟದ್ದು ಸರಿಯಾಗಿಯೇ ಇದೆ. ಶಸ್ತ್ರ ಹಿಡಿಯುವುದು ಮೂಲಭೂತ ಹಕ್ಕು ಎಂಬ ಅಮೆರಿಕದ ವಾದವೂ ನನ್ನದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅಂಥದೊಂದು ತಿದ್ದುಪಡಿ ತಂದಿದ್ದರು. ಠಕ್ಕರಿಗೂ ಡಕಾಯಿತರಿಗೂ ಅದೇ ಹಕ್ಕು ಸಿಗುತ್ತದಲ್ಲ ಎಂಬ ಧಾಟಿಯಲ್ಲಿ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂಬೇಡ್ಕರರೇ ಸರಿ. ಬಂದೂಕಿನ ಮಾತು ಬಂದೊಡನೆ ಹಲಗಲಿಯ ಬೇಡರನ್ನು ಎಳೆದು ತರುವವರಿಗೂ ಇದೇ ಉತ್ತರ. ಅವರು 1857ರಲ್ಲಿ ಕಂಪನಿ ಸರ್ಕಾರಕ್ಕೆ ಎದುರಾದವರು. ಕಮಲಾಪುರದ ರೈತನ ತಗಾದೆ ತಾನೇ ಮತ ಹಾಕಿ ಆರಿಸಿದ ಸರ್ಕಾರದೊಂದಿಗೆ. ಆದರೆ ಅಂಬೇಡ್ಕರರ ತರ್ಕ ಠಕ್ಕನನ್ನು ರೈತನಿಂದ ಬೇರೆ ಮಾಡಿ ನೋಡಬೇಕೆನ್ನುತ್ತದೆ. ಸಾರಾಸಗಟು ಠೇವಣಿಯಲ್ಲಿ ಆ ಬೇರ್ಪಡಿಸುವ ಕೆಲಸವೇ ನಿಂತುಹೋಗುತ್ತದೆ.

ಬೇರೆ ಮಾಡಿ ನೋಡುವುದು ಸರ್ಕಾರಕ್ಕೆ ಬಾರದ ವಿದ್ಯೆಯೂ ಅಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಕ್ರೀಡಾಪಟುಗಳಿಗೆ ಚುನಾವಣೆ ಹೊತ್ತಿನಲ್ಲೂ ರಿಯಾಯಿತಿ ಇದೆ. ಪದಕಕ್ಕೆ ಗುರಿಯಿಡುವವನನ್ನು ನಂಬಬಹುದಾದರೆ, ಹತ್ತು ವರ್ಷ ಒಂದು ದೂರೂ ಇಲ್ಲದೆ ಬಾಳೆತೋಟ ಕಾದವನನ್ನು ನಂಬಲು ಏನು ಅಡ್ಡಿ?

ಆದೇಶ ತಪ್ಪೆನಿಸಿದರೆ ಪ್ರಶ್ನಿಸಬಹುದಲ್ಲ ಎನ್ನುತ್ತಾರೆ. ಕಲಬುರಗಿಯಲ್ಲಿ ಹೈಕೋರ್ಟಿನ ಪೀಠವೇ ಇದೆ, ನಿಜ. ಹಳೆಯ ನಳಿಗೆಯ ಬೆಲೆಗಿಂತ ವಕೀಲರ ಫೀಸು ಹೆಚ್ಚು, ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಮತ ಎಣಿಕೆಯೂ ಮುಗಿದಿರುತ್ತದೆ. ಅದಕ್ಕಿಂತ ಅಗ್ಗದ ದಾರಿ ಒಂದಿದೆ. ಪರಿಶೀಲನಾ ಸಮಿತಿ ಕಳೆದ ಸಲ ಸೇರಿತ್ತೇ, ಯಾರ ಯಾರ ಪರವಾನಗಿ ನೋಡಿತು, ಯಾವ ಕಾರಣಕ್ಕೆ ಯಾರ ಬಂದೂಕು ತರಿಸಿತು ಎಂಬ ನಡಾವಳಿಯ ಪ್ರತಿ ಕೊಡಿ ಎಂದು ಕಮಲಾಪುರದ ಲೈಸೆನ್ಸುದಾರರು ಮಾಹಿತಿ ಹಕ್ಕಿನಡಿ ಜಿಲ್ಲಾಧಿಕಾರಿ ಕಚೇರಿಗೆ ಬರೆಯಲಿ. ಶುಲ್ಕ ಹತ್ತು ರೂಪಾಯಿ.