ಗುಟ್ಟಿನಲ್ಲಿ ಉಳಿದ ಧೂಮಕೇತು

ಜಯಂತ ನಾರ್ಲಿಕರ್ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು. ಅಂದಿನಿಂದ ಅವರ ಕತೆಗಳನ್ನು ಮತ್ತೆ ಓದುತ್ತಿದ್ದೇನೆ. ಈ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ 'ಆಯುಕಾ' ಸಂಸ್ಥೆ ಕಟ್ಟಿದ ಖಗೋಳ ವಿಜ್ಞಾನಿ ಎಂದು ಅವರು ಎಲ್ಲರಿಗೂ ಗೊತ್ತು. ಮರಾಠಿಗರಿಗೆ ಅವರು ಕತೆಗಾರರೂ ಹೌದು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿಟ್ಟುಕೊಂಡು 'ಕೃಷ್ಣವಿವರ' ಕಳಿಸಿ ಬಹುಮಾನ ಪಡೆದವರು. ನಾನಿಲ್ಲಿ ಬರೆಯಲು ಹೊರಟಿರುವುದು ಅವರ 'ಧೂಮಕೇತು' ಕತೆಯ ಬಗ್ಗೆ. ನಮ್ಮಲ್ಲಿ ಎಷ್ಟೋ ಮಂದಿ ಇದನ್ನು ಎನ್‌ಸಿಇಆರ್‌ಟಿಯ ಎಂಟನೇ ತರಗತಿ ಇಂಗ್ಲಿಷ್ ಪೂರಕ ಪಠ್ಯದಲ್ಲಿ ಎರಡು ಭಾಗವಾಗಿ ಓದಿರಬಹುದು.

ಕತೆ ಸರಳ. ಕಲ್ಕತ್ತೆಯ ಹವ್ಯಾಸಿ ಖಗೋಳವೀಕ್ಷಕ ದತ್ತದಾ ತನ್ನ ಪ್ರೀತಿಯ ದೂರದರ್ಶಕದಲ್ಲಿ ಹೊಸ ಧೂಮಕೇತುವೊಂದನ್ನು ಕಾಣುತ್ತಾನೆ. ಅದಕ್ಕೆ ಅವನದೇ ಹೆಸರಿಡುತ್ತಾರೆ. ಹೆಂಡತಿ ಇಂದ್ರಾಣಿಗೆ ಅದು ಅಪಶಕುನ. ಅಷ್ಟರಲ್ಲಿ ಅದು ಭೂಮಿಗೆ ಬಡಿಯಲಿದೆ ಎಂದು ಲೆಕ್ಕ ಹೇಳುತ್ತದೆ. ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳ ರಹಸ್ಯ ಸಭೆ ಸೇರುತ್ತದೆ. ಅಣುಸ್ಫೋಟಕ ಹೊತ್ತ ನೌಕೆ ಕಳಿಸಿ ಧೂಮಕೇತುವಿನ ದಾರಿ ತಪ್ಪಿಸುವ ಯೋಜನೆ ತಯಾರಾಗುತ್ತದೆ. ಇತ್ತ ದತ್ತದಾನ ಮನೆಯಲ್ಲೇ ಧೂಮಕೇತು ಶಾಂತಿಗೆಂದು ಯಜ್ಞ ನಡೆಯುತ್ತದೆ.

ಈ ಕತೆಯನ್ನು ಸಾಮಾನ್ಯವಾಗಿ 'ವಿಜ್ಞಾನ ವರ್ಸಸ್ ಮೂಢನಂಬಿಕೆ' ಎಂದು ಪಾಠ ಮಾಡುತ್ತಾರೆ. ಒಂದು ಕಡೆ ನೌಕೆ, ಇನ್ನೊಂದು ಕಡೆ ಹೋಮ. ಆ ಓದು ತಪ್ಪಲ್ಲ, ಆದರೆ ಅರ್ಧ. ಕತೆ ಹೋಮವನ್ನು ನೋಡಿ ಬೇಸರಪಡುತ್ತದೆ, ಮುಚ್ಚಿದ ಬಾಗಿಲ ಸಭೆಯನ್ನು ನೋಡಿ ಬೇಸರಪಡುವುದಿಲ್ಲ. ಜನ ಗಾಬರಿಯಾಗುತ್ತಾರೆ, ಆದ್ದರಿಂದ ಹೇಳಬಾರದು ಎಂಬುದನ್ನು ಅದು ವಿವೇಕವೆಂದೇ ಒಪ್ಪಿಕೊಳ್ಳುತ್ತದೆ. ಬಾಗಿಲ ಹೊರಗೆ ಉಳಿದ ಜನಕ್ಕೆ ಆಕಾಶದಲ್ಲಿ ಬಾಲಚುಕ್ಕಿಯೊಂದು ಕಾಣುತ್ತಿದೆ, ವಿಷಯ ಮಾತ್ರ ಯಾರೂ ಹೇಳುತ್ತಿಲ್ಲ. ಅವರ ಕೈಗೆ ಸಿಗುವುದು ಪುರೋಹಿತರೇ ತಾನೆ? ಯಜ್ಞ ಹುಟ್ಟಿದ್ದು ಅಜ್ಞಾನದಿಂದ ನಿಜ. ಆ ಅಜ್ಞಾನದಲ್ಲಿ ಒಂದು ಪಾಲನ್ನು ಕೇಂಬ್ರಿಜ್ ಸಭೆಯೇ ಸೃಷ್ಟಿಸಿತ್ತು.

ಈ ಗುಟ್ಟಿನ ಗುಣ ಕತೆಗೆ ಎಲ್ಲಿಂದ ಬಂತು ಎಂದು ಹುಡುಕಿದರೆ ನಾರ್ಲಿಕರ್ ಅವರ ಗುರು ಫ್ರೆಡ್ ಹಾಯ್ಲ್ ನೆನಪಾಗುತ್ತಾರೆ. ಹಾಯ್ಲ್ 1957ರಲ್ಲಿ ಬರೆದ 'ದಿ ಬ್ಲ್ಯಾಕ್ ಕ್ಲೌಡ್' ಕಾದಂಬರಿಯಲ್ಲೂ ಸೂರ್ಯನನ್ನು ಮರೆಮಾಡುವ ಕರಿ ಮೋಡ ಬರುತ್ತದೆ, ಅದನ್ನು ಬಲ್ಲ ವಿಜ್ಞಾನಿಗಳನ್ನು ಸರ್ಕಾರ ಒಂದು ಹಳ್ಳಿಮನೆಯಲ್ಲಿ ಕೂಡಿಹಾಕುತ್ತದೆ. ಕೆಲವರಿಗೆ ಗೊತ್ತು, ಉಳಿದವರು ಸಾಯುತ್ತಾರೆ. ಶೀತಲ ಸಮರದ ಕಾಲದ ಕಲ್ಪನೆ ಅದು. ಹಾಯ್ಲ್‌ಗೆ ರಾಜಕಾರಣಿಗಳ ಮೇಲೆ ಸಿಟ್ಟಿತ್ತು, ಅದು ಕಾದಂಬರಿಗೆ ಖಾರ ಕೊಟ್ಟಿತು. ಶಿಷ್ಯನ ಕತೆಯಲ್ಲಿ ಗುಟ್ಟು ಉಳಿಯಿತು, ಸಿಟ್ಟು ಉಳಿಯಲಿಲ್ಲ.

ಇದು ಸೋಜಿಗವೇ. ಯಾಕೆಂದರೆ ಬದುಕಿನಲ್ಲಿ ನಾರ್ಲಿಕರ್ ಮಾಡಿದ್ದು ಇದಕ್ಕೆ ವಿರುದ್ಧ. 2008ರಲ್ಲಿ ನರೇಂದ್ರ ದಾಭೋಲಕರ್ ಮತ್ತಿತರರ ಜೊತೆ ಸೇರಿ ಅವರು ಜ್ಯೋತಿಷ್ಯವನ್ನು ಪರೀಕ್ಷೆಗೆ ಒಡ್ಡಿದರು. ಜಾಣ ಮಕ್ಕಳು 100, ಬುದ್ಧಿಮಾಂದ್ಯ ಮಕ್ಕಳು 100, ಹೀಗೆ 200 ಜಾತಕ. ಯಾವುದು ಯಾರದು ಹೇಳಿ ಎಂದು ಜ್ಯೋತಿಷಿಗಳಿಗೆ ಬಹಿರಂಗ ಕರೆ ಕೊಟ್ಟರು. 27 ಮಂದಿ ತಲಾ 40 ಜಾತಕ ನೋಡಿ ಉತ್ತರ ಕಳಿಸಿದರು. ಸರಾಸರಿ ಸರಿಯುತ್ತರ ಶೇಕಡ 46, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನಲ್ಲ. ಬೈಯಲಿಲ್ಲ, ನಗಲಿಲ್ಲ, ಲೆಕ್ಕವನ್ನು ಎಲ್ಲರ ಮುಂದಿಟ್ಟರು. ಹೀಗೆ ಜನರ ನಡುವೆ ಕೆಲಸ ಮಾಡುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದೂ ನಮಗೆ ಗೊತ್ತು. ದಾಭೋಲಕರ್ ಅವರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ ಧಾರವಾಡದಲ್ಲಿ ಕಲಬುರ್ಗಿ ಸರ್ ಹೋದರು. ದತ್ತದಾನ ಲೆಕ್ಕಕ್ಕೆ ಸಿಗದ ಅಪಾಯಗಳಿವು.

ಕತೆಯಲ್ಲಿ ನಡೆದದ್ದು ಈಗ ಹೇಗೆ ನಡೆಯುತ್ತದೆ ಎಂದು ನೋಡುವ ಅವಕಾಶ ನಮ್ಮ ಕಾಲಕ್ಕೆ ಸಿಕ್ಕಿದೆ. ದಾರಿ ತಪ್ಪಿಸುವ ವಿದ್ಯೆ ಇನ್ನು ಬರೀ ಕಲ್ಪನೆಯಲ್ಲ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್‌ಗೆ ಬೇಕೆಂದೇ ಡಿಕ್ಕಿ ಹೊಡೆದು, ಅದರ ಸುತ್ತಾಟದ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು. ಅಣುಬಾಂಬೂ ಬೇಕಾಗಲಿಲ್ಲ. ಗುಟ್ಟೂ ಇಲ್ಲ. 2024ರ ಡಿಸೆಂಬರ್ ಕೊನೆಗೆ ಕಂಡ '2024 ವೈಆರ್4' ಎಂಬ ಸುಮಾರು 60 ಮೀಟರ್‌ನ ಕಲ್ಲು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಎಷ್ಟು ಎಂಬುದನ್ನು ದಿನವೂ ಪ್ರಕಟಿಸಿದರು. 2025ರ ಫೆಬ್ರವರಿ 18ಕ್ಕೆ ಅದು ಶೇಕಡ 3.1 ಮುಟ್ಟಿತು. ಬೀಳಬಹುದಾದ ಪಟ್ಟಿಯಲ್ಲಿ ಭಾರತವೂ ಇತ್ತು. ತಿಂಗಳು ಮುಗಿಯುವುದರೊಳಗೆ ಸಂಖ್ಯೆ ಸೊನ್ನೆಯ ಹತ್ತಿರ ಬಂತು.

ಆ ವಾರ ಗದಗಿನಿಂದ ಅವ್ವ ಫೋನ್ ಮಾಡಿದ್ದಳು. ಟೀವಿಯಲ್ಲಿ ಕೆಂಪು ಅಕ್ಷರ, ಢಂ ಢಂ ಸಂಗೀತ, ಪಕ್ಕದಲ್ಲೊಬ್ಬ ಜ್ಯೋತಿಷಿ.

"ಕಲ್ಲು ಬೀಳತೈತಂತಲ್ಲೋ, ಖರೇನ?"

"ನೂರಕ್ಕ ಮೂರು ಪಾಲು ಅಂತ ಹೇಳ್ಯಾರವ್ವ."

"ಮೊನ್ನಿ ಎರಡು ಅಂದಿದ್ರು, ಇವತ್ತ ಮೂರು. ಹೆಚ್ಚಾಗಾಕ ಹತ್ತೇತಿ ಅಂದಂಗಾತಲ್ಲ?"

ಒಳ್ಳೆಯ ಪ್ರಶ್ನೆ. ಉತ್ತರವೂ ಇದೆ. ಕಲ್ಲು ಕಂಡ ಹೊಸತರಲ್ಲಿ ಅದು ಮುಂದೆ ಸಾಗುವ ದಾರಿ ಒಂದು ಗೆರೆಯಲ್ಲ, ಅಗಲವಾದ ಪಟ್ಟೆ. ಅದರೊಳಗೆ ಭೂಮಿ ಒಂದು ಚುಕ್ಕಿ. ಹೊಸ ಅಳತೆ ಬಂದಂತೆಲ್ಲ ಪಟ್ಟೆ ಕಿರಿದಾಗುತ್ತದೆ, ಚುಕ್ಕಿ ಅಷ್ಟೇ ಇರುತ್ತದೆ. ಹಾಗಾಗಿ ಚುಕ್ಕಿ ಪಟ್ಟೆಯೊಳಗೆ ಇರುವತನಕ ಶೇಕಡಾವಾರು ಏರುತ್ತದೆ, ಹೊರಗಾದ ಕೂಡಲೇ ಕುಸಿಯುತ್ತದೆ. ಜೋಳ ಹಸನು ಮಾಡುವ ಮರದಲ್ಲಿ ಕಳೆದ ಮೂಗುಬಟ್ಟನ್ನು ಹುಡುಕಿದಂತೆ: ಹುಡುಕಿದ ಭಾಗವನ್ನು ಸರಿಸುತ್ತ ಹೋದಂತೆ ಉಳಿದ ಕಾಳಿನಲ್ಲಿ ಅದು ಇರುವ ಆಸೆ ಹೆಚ್ಚುತ್ತದೆ, ಕೊನೆಗೆ ಮರದಲ್ಲೇ ಇಲ್ಲ ಎಂದು ತಿಳಿಯುತ್ತದೆ. ಹೀಗೆ ಹೇಳಿದಾಗ ಅವ್ವನಿಗೆ ಅರ್ಥವಾಯಿತು. ಆ ಚಾನೆಲ್ಲಿನವರು ಹೇಳಲಿಲ್ಲ, ಅಷ್ಟೆ.

ಈಗ ಬಾಗಿಲು ತೆರೆದಿದೆ, ಒಳಗಿನ ಮಾತು ಮಾತ್ರ ಇಂಗ್ಲಿಷಿನಲ್ಲಿದೆ. ಜಿ.ಟಿ. ನಾರಾಯಣರಾಯರು ದಶಕಗಟ್ಟಲೆ ಖಗೋಳವನ್ನು ಕನ್ನಡಕ್ಕೆ ತಂದದ್ದು ಇದಕ್ಕೇ. ಹಿಂಜವಡಿಯಲ್ಲೋ ಬಾಣೇರಿನಲ್ಲೋ ಕೂತು ನಾಸಾ ಪುಟವನ್ನು ಮೊಬೈಲಿನಲ್ಲಿ ಓದುವ ನಾವು, ಊರಿನ ಮಟ್ಟಿಗೆ ಕೇಂಬ್ರಿಜ್ ಸಭೆಯವರೇ.

ಆದ್ದರಿಂದ 'ಧೂಮಕೇತು' ನನ್ನ ಮಟ್ಟಿಗೆ ಹಳೆಯದಾಗಿಲ್ಲ. ಅದರ ಗದ್ಯ ಸಪ್ಪೆ, ಪಾತ್ರಗಳು ತೆಳು, ಇಂದ್ರಾಣಿಗೆ ಕತೆ ನ್ಯಾಯ ಮಾಡಿಲ್ಲ. ಗಂಡ ಹೆಂಡತಿ ತಾರಸಿಯ ಮೇಲೆ ಕೂತು ಆ ಲೆಕ್ಕವನ್ನು ಬಿಡಿಸಿ ಮಾತಾಡುವ ದೃಶ್ಯ ಅದರಲ್ಲಿಲ್ಲ, ಇರಬೇಕಿತ್ತು. ಆದರೂ ಮನೆಯಲ್ಲಿ ದೂರದರ್ಶಕವೂ ಹೋಮಕುಂಡವೂ ಒಂದೇ ಸೂರಿನಡಿ ಇರುವುದನ್ನು ಅದು ಕಂಡಿತು. ನಮ್ಮ ಮನೆಗಳು ಹಾಗೇ ಇವೆ.

2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರಕ್ಕೆ 14ರ ನಸುಕಿನಲ್ಲಿ, ಸುಮಾರು 340 ಮೀಟರ್‌ನ ಅಪೋಫಿಸ್ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಬಡಿಯುವುದಿಲ್ಲ, ಅದು ಖಚಿತವಾಗಿದೆ. ಟೀವಿಯಲ್ಲಿ ಮಾತ್ರ ಖಂಡಿತ ಬಡಿಯುತ್ತದೆ. ಅದಕ್ಕೆ ಮೊದಲೇ ಊರಿಗೆ ಒಂದು ಫೋನ್ ಮಾಡಿ ಹೇಳಿಬಿಡಿ.