ಮೂರು ಚುಕ್ಕಿಯ ಪಾಠ ಎಲ್ಲಿ ಎಡವುತ್ತಿದೆ?

ಇಂಗ್ಲೆಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮದಂತೆ ಹತ್ತು–ಹನ್ನೊಂದರ ವಯಸ್ಸಿನ ಮಕ್ಕಳಿಗೆ ‘ಎಲಿಪ್ಸಿಸ್’ ಗೊತ್ತಿರಬೇಕು. ಓದುವವರು ಸುಲಭವಾಗಿ ಊಹಿಸಬಲ್ಲ ಪದವನ್ನೋ ಪದಗುಚ್ಛವನ್ನೋ ಬಿಡುವುದು ಎಂದು ಅದರ ಪದಕೋಶ ಅರ್ಥ ಹೇಳುತ್ತದೆ. ಒತ್ತು ಇರುವುದು ಬಿಡುವುದರ ಮೇಲೆ, ಅದನ್ನು ಸೂಚಿಸುವ ಚುಕ್ಕಿಗಳ ಮೇಲಲ್ಲ. ತರಗತಿಗೆ ಬರುವಷ್ಟರಲ್ಲಿ ಇದು ‘ಕುತೂಹಲ ಹುಟ್ಟಿಸಲು ಮೂರು ಚುಕ್ಕಿ ಇಡಿ’ ಎಂಬ ಸೂತ್ರವಾಗಿಬಿಡುತ್ತದೆ.

ಸೂತ್ರ ಮಕ್ಕಳಿಗೆ ಇಷ್ಟ, ಕಲಿಸುವುದೂ ಸುಲಭ. ಆದರೆ ಫಲ ನೋಡಿ: ‘ಬಾಗಿಲು ತೆರೆಯಿತು… ಒಳಗೆ ಕತ್ತಲು… ಏನೋ ಸದ್ದು…’ ಇಲ್ಲಿ ಬಿಟ್ಟದ್ದು ಏನೂ ಇಲ್ಲ. ಮೂರೂ ಕಡೆ ಪೂರ್ಣವಿರಾಮ ಹಾಕಿದರೂ ಅರ್ಥ ಕೆಡುವುದಿಲ್ಲ. ಕತೆ ಹುಟ್ಟಿಸಬೇಕಾದ ಭಯವನ್ನು ಮಗು ಚುಕ್ಕಿಗಳಿಗೆ ಗುತ್ತಿಗೆ ಕೊಟ್ಟಿದೆ.

ಕನ್ನಡ ಶಾಲೆಯ ತೊಡಕು ಬೇರೆ. ಲೇಖನ ಚಿಹ್ನೆಗಳ ಪಾಠದಲ್ಲಿ ಪೂರ್ಣವಿರಾಮ, ಅರ್ಧವಿರಾಮ, ಉದ್ಧರಣ, ಆವರಣ ಎಲ್ಲ ಬಂದರೂ ಮೂರು ಚುಕ್ಕಿಗೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ. ಚುಕ್ಕಿಗಳ ಸಾಲನ್ನು ಮಕ್ಕಳು ನೋಡುವುದು ‘ಬಿಟ್ಟ ಸ್ಥಳ ತುಂಬಿ’ ಎಂಬಲ್ಲಿ. ಅಲ್ಲಿ ಒಂದೇ ಸರಿಯುತ್ತರ, ಅದಕ್ಕೊಂದು ಅಂಕ.

ನಾಟಕದಿಂದ ಶುರುಮಾಡಿದರೆ ಎರಡೂ ಕಡೆ ಪಾಠ ಹಳಿಗೆ ಬರುತ್ತದೆ. ಇಂಗ್ಲಿಷ್ ಮುದ್ರಣದಲ್ಲಿ ಈ ಚಿಹ್ನೆಯ ಹಳೆಯ ರೂಪ ಕಾಣಿಸುವುದೂ ನಾಟಕದಲ್ಲೇ. ಪ್ರಾಚೀನ ರೋಮಿನ ನಾಟಕಕಾರ ಟೆರೆನ್ಸ್‌ನ ‘ಆಂಡ್ರಿಯಾ’ವನ್ನು ಮಾರಿಸ್ ಕಿಫಿನ್ ಅನುವಾದಿಸಿದ 1588ರ ಪುಸ್ತಕದಲ್ಲಿ ಪಾತ್ರದ ಮಾತು ತುಂಡಾದಲ್ಲಿ ಚಿಕ್ಕ ಅಡ್ಡಗೆರೆಗಳಿವೆ.

ಕನ್ನಡಕ್ಕಂತೂ ಇದು ಹೇಳಿ ಮಾಡಿಸಿದ ದಾರಿ. ‘ಅಮ್ಮಾ, ಆ ಹೂಕುಂಡ ನಾನು…’ ‘ಒಡೆದುಹಾಕಿದೆಯಾ?’ ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಮಾತು ನಿಂತಾಗ ಮೊದಲು ತಪ್ಪಿಹೋಗುವುದು ಮಾಡಿದ ಕೆಲಸವೇ. ಅದನ್ನು ಅಮ್ಮ ತುಂಬಿಕೊಂಡಳು, ಓದುಗರೂ ತುಂಬಿಕೊಳ್ಳುತ್ತಾರೆ. ‘ಇಲ್ಲಿ ಏನು ಬಿಟ್ಟೆ? ಓದುವವರಿಗೆ ಅದು ಹೊಳೆಯುತ್ತದೆಯೇ?’ ಎಂದು ಮೇಷ್ಟ್ರು ಕೇಳಿದರೆ ಅರ್ಧದಷ್ಟು ಚುಕ್ಕಿಗಳನ್ನು ಮಕ್ಕಳೇ ಅಳಿಸಿಯಾರು.

ಪಾಠ ಬಹುಮಟ್ಟಿಗೆ ಕೈಬಿಡುವ ಇನ್ನೊಂದು ಸಂಗತಿಯಿದೆ: ಬೇರೆಯವರ ಮಾತನ್ನು ಕತ್ತರಿಸಿ ಉದ್ಧರಿಸುವುದು. ‘ಸಿನಿಮಾ ಚೆನ್ನಾಗಿದೆ ಎನ್ನಲಾಗದು’ ಎಂಬ ವಾಕ್ಯ ಜಾಹೀರಾತಿನಲ್ಲಿ ‘ಸಿನಿಮಾ ಚೆನ್ನಾಗಿದೆ…’ ಎಂದಾಗಬಹುದು. ನಿಷೇಧ ಕೊನೆಯಲ್ಲಿ ಬರುವುದರಿಂದ ಕನ್ನಡದಲ್ಲಿ ಈ ಮೋಸಕ್ಕೆ ಒಂದು ಕತ್ತರಿ ಸಾಕು. ಕುತೂಹಲದ ಚುಕ್ಕಿಗೆ ಇಡೀ ಪೀರಿಯಡ್ ಕೊಡುವ ತರಗತಿ ಇದಕ್ಕೆ ಅರ್ಧ ಪೀರಿಯಡ್ಡನ್ನಾದರೂ ಮೀಸಲಿಡಬೇಕು.