ಊರ ಬಾವಿ, ಮನೆಯ ಬೋರು: ಕೇಬಲ್ ಕಡಿಸಿದ ಮೇಲೆ ಕೇರಿ ನೋಡುವುದೇನು?

ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಕತೆ, ಕವಿತೆ, ಆತ್ಮಕಥೆಗಳ ವಿಮರ್ಶೆ ಎಂದು ತಿಳಿದವರು ಇನ್ನೂ ಇದ್ದಾರೆ. ಹಾಗಾದರೆ ಪುಸ್ತಕ ಮುಟ್ಟದ ಕೇರಿಗೆ ವಿಮರ್ಶೆಯೇ ಬೇಡವೆ? ಕೂಲಿಯಿಂದ ಬಂದ ಹೆಂಗಸು ಸಂಜೆ ಒಲೆ ಹೊತ್ತಿಸುತ್ತ ಕಣ್ಣು ಹಾಯಿಸುವುದು ಟೀವಿಯ ಕಡೆಗೆ. ಕಳೆದ ಮೂವತ್ತು ವರ್ಷಗಳಲ್ಲಿ ನಮ್ಮ ಜನ ದಿನವೂ ತಪ್ಪದೆ ಓದಿದ ಪಠ್ಯ ಅಂತ ಒಂದಿದ್ದರೆ ಅದು ಈ ಪೆಟ್ಟಿಗೆ. ಅದನ್ನು ಜನಪ್ರಿಯ ಕಸ ಎಂದು ಪಕ್ಕಕ್ಕೆ ತಳ್ಳಿ, ಕಾವ್ಯದ ಪ್ರತಿಮೆಗಳ ಬಗ್ಗೆ ಮಾತ್ರ ಚರ್ಚಿಸುವ ವಿಮರ್ಶೆ ಕೇರಿಯ ಬಾಗಿಲಲ್ಲೇ ನಿಂತುಬಿಟ್ಟ ವಿಮರ್ಶೆ.

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿ ದೇವರಾಯನದುರ್ಗದ ಬೆಟ್ಟಗಳ ಮಗ್ಗುಲಿನ ಸೀಮೆ. ಈ ಕಡೆ ಈಗ ಆಗಾಗ ಕಿವಿಗೆ ಬೀಳುವ ಮಾತು: "ಕೇಬಲ್ ತೆಗೆಸಿಬುಟ್ವಿ ಕಣಣ್ಣ, ಎಲ್ಲಾ ಫೋನಲ್ಲೇ ಬತ್ತದೆ." ಇದು ಬರೀ ದುಡ್ಡಿನ ಮಾತು ಎಂದು ಪತ್ರಿಕೆಗಳು ಬರೆಯುತ್ತವೆ. ಕೇಬಲ್ಲಿಗೆ ಎಷ್ಟು, ಆಪಿಗೆ ಎಷ್ಟು, ಯಾವುದು ಅಗ್ಗ ಅಂತ ಪಟ್ಟಿ ಕೊಡುತ್ತವೆ. ಆ ಲೆಕ್ಕ ಬೇಡವೆಂದಲ್ಲ. ಆದರೆ ದಲಿತ ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ. ಯಾರು ಯಾರ ಜೊತೆ ಕೂತು ನೋಡುತ್ತಾರೆ? ಯಾರು ನೋಡುತ್ತಿದ್ದಾರೆಂಬುದು ಯಾರಿಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಕರ್ನಾಟಕದ ಹಳ್ಳಿಗೆ ಟೀವಿ ಬಂದದ್ದು ಮನೆಯ ವಸ್ತುವಾಗಿ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತೋರಿಸಿದ 'ಸೈಟ್' ಪ್ರಯೋಗ ನಡೆಯಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಟೀವಿ ಇಟ್ಟದ್ದು ಶಾಲೆ, ಪಂಚಾಯ್ತಿಯಂಥ ಸಾರ್ವಜನಿಕ ಜಾಗಗಳಲ್ಲಿ. ಊರಿಗೆಲ್ಲ ಒಂದು ಪೆಟ್ಟಿಗೆ, ಎಲ್ಲರಿಗೂ ಒಂದೇ ಹೊತ್ತು. ಕೂರುವ ಜಾಗದಲ್ಲಿ ಜಾತಿ ಇರಲಿಲ್ಲವೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೂ ಆ ಪೆಟ್ಟಿಗೆ ಸರ್ಕಾರದ್ದು, ಅದರ ಮುಂದೆ ಕೂರುವುದು ನನ್ನ ಹಕ್ಕು ಎಂದು ಕೇರಿಯವನೊಬ್ಬ ಹೇಳುವುದಕ್ಕೆ ಅಲ್ಲೊಂದು ನೆಲೆಯಿತ್ತು.

ಪ್ರಯೋಗ ಮುಗಿಯಿತು. ಪೆಟ್ಟಿಗೆ ಉಳ್ಳವರ ಮನೆಯೊಳಗೆ ಹೋಯಿತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಗುವ ಹೊತ್ತಿಗೆ ಟೀವಿ ನೋಡುವುದೆಂದರೆ ಹೊಸ್ತಿಲಿನ ಪ್ರಶ್ನೆಯಾಗಿತ್ತು. ಹಜಾರದಲ್ಲಿ ಯಾರು, ಜಗಲಿಯಲ್ಲಿ ಯಾರು, ಕಿಟಕಿಯ ಸರಳು ಹಿಡಿದು ಅಂಗಳದಲ್ಲಿ ನಿಂತವರು ಯಾರು ಎಂಬುದನ್ನು ನೋಡಿದರೆ ಊರಿನ ಜಾತಿಪಟ್ಟಿಯೇ ಸಿಗುತ್ತಿತ್ತು. ದೂರದಿಂದ ನೋಡುವುದೇ ಅದರ ಹೆಸರು. ಕೆಲವರಿಗೆ ಮಾತ್ರ ಆ ದೂರ ಸ್ವಲ್ಪ ಹೆಚ್ಚೇ ಇತ್ತು.

ಆ ದೂರವನ್ನು ಕಡಿಮೆ ಮಾಡಿದ್ದು ಯಾವ ಸುಧಾರಣೆಯೂ ಅಲ್ಲ, ಒಂದು ಕಪ್ಪು ವೈರು. 1994ರಲ್ಲಿ ಉದಯ ಟೀವಿ ಬಂತು. ಅದರ ಹಿಂದೆ ಒಂದೊಂದಾಗಿ ಕನ್ನಡ ಚಾನೆಲ್ಲುಗಳು ಬಂದವು. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಹಾದು ವೈರು ಊರಿಂದ ಕೇರಿಗೂ ಇಳಿಯಿತು. ಕೇಬಲ್ಲಿನವನಿಗೆ ಬೇಕಾದದ್ದು ತಿಂಗಳ ದುಡ್ಡು, ಜಾತಿ ಅಲ್ಲ. ಹೀಗಾಗಿ ನಮ್ಮ ಜನ ಕಿಟಕಿ ಬಿಟ್ಟು ತಮ್ಮ ಮನೆಯಲ್ಲೇ ಚಾಪೆ ಹಾಸಿ ಕೂತು ನೋಡಿದರು. ಇದನ್ನು ಮಾರುಕಟ್ಟೆ ಕೊಟ್ಟ ಬಿಡುಗಡೆ ಎಂದು ಕುಣಿದಾಡಬೇಕಾಗಿಲ್ಲ. ಆದರೆ ಇನ್ನೊಬ್ಬರ ಹೊಸ್ತಿಲು ಕಾಯುವ ಅವಮಾನ ತಪ್ಪಿದ್ದನ್ನು ಸಣ್ಣದೆಂದು ಹೇಳುವವರು ಆ ಹೊಸ್ತಿಲ ಒಳಗೆ ಹುಟ್ಟಿದವರೇ ಇರಬೇಕು.

ವೈರಿನೊಳಗೆ ಬಂದದ್ದೇನು? ಬೆಳಿಗ್ಗೆ ಎದ್ದರೆ ರಾಶಿಫಲ, ದೋಷ, ಪರಿಹಾರ. ಸಂಜೆಯಾದರೆ ಧಾರಾವಾಹಿ. ಆ ಮನೆಗಳನ್ನು ಗಮನಿಸಿ: ದೊಡ್ಡ ಹಜಾರ, ನಡುವೆ ಮೆಟ್ಟಿಲು, ಒಂದು ದೇವರ ಕೋಣೆ, ರೇಷ್ಮೆ ಸೀರೆಯಲ್ಲೇ ಅಡಿಗೆ ಮಾಡುವ ಅತ್ತೆ. ಜಾತಿಯ ಹೆಸರು ಯಾರೂ ಎತ್ತುವುದಿಲ್ಲ. ಎತ್ತಬೇಕಾದ ಅಗತ್ಯವೇ ಬಾರದಂತೆ ಇಡೀ ಮನೆಯನ್ನು ಮೇಲ್ಜಾತಿಯ ಮನೆಯಾಗಿ ಕಟ್ಟಿರುತ್ತಾರೆ. ನಮ್ಮ ಪೈಕಿ ಯಾರಾದರೂ ಇದ್ದರೆ ಕಸಬರಿಗೆ ಹಿಡಿದವಳೋ, ನಗಿಸುವ ಆಳೋ. ಕೇರಿ ವರ್ಷಗಟ್ಟಲೆ ತಾನಿಲ್ಲದ ಕತೆಗೆ ಕಣ್ಣೀರು ಹಾಕಿತು. ಕಿಟಕಿ ಹೋಗಿತ್ತು ನಿಜ, ಆದರೆ ನೋಡುತ್ತಿದ್ದುದು ಅದೇ ಹಜಾರವನ್ನು.

ಹೀಗಿರುವಾಗ 2020ರ ಜುಲೈ ಬಂತು. ಕೊರೋನಾದಿಂದ ಚಿತ್ರೀಕರಣ ನಿಂತು, ಡಬ್ಬಿಂಗಿಗೆ ಬಾಗಿಲು ತೆರೆದಿತ್ತು. ಹಿಂದಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾಗಿದ್ದ ಬಾಬಾಸಾಹೇಬರ ಬದುಕಿನ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಲ್ಲಿ ಜೀ ಕನ್ನಡದಲ್ಲಿ ಬಂತು. ಕನ್ನಡದ್ದೇ ಕಲ್ಪನೆಯಿಂದ ಬರಬೇಕಾಗಿದ್ದ ಕತೆ ಎರವಲು ದನಿಯಲ್ಲಿ ಬಂತೆಂಬುದು ಕನ್ನಡ ಟೀವಿಯ ಬಗ್ಗೆ ಒಂದು ತೀರ್ಪು. ಅದಿರಲಿ. ಮುಂದೆ ಆದದ್ದು ಯಾವ ಧಾರಾವಾಹಿಗೂ ಆಗದಂಥದ್ದು. ರಾಜ್ಯದ ಹಳ್ಳಿ ಹಳ್ಳಿಯ ಕೇರಿಗಳಲ್ಲಿ ಧಾರಾವಾಹಿಯ ಫ್ಲೆಕ್ಸುಗಳು ಎದ್ದವು. ಜನ ತಮ್ಮ ಕೂಲಿ ದುಡ್ಡು ಸೇರಿಸಿ ಬ್ಯಾನರ್ ಹಾಕಿಸಿದರು. ಕೆಲವು ಕಡೆ ಅವನ್ನು ಹರಿದುಹಾಕಿದ ಸುದ್ದಿಗಳೂ ಬಂದವು. ಅದೇ ವರ್ಷ ಚಾನೆಲ್ಲಿನ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರೇ, ಪ್ರಸಾರ ನಿಲ್ಲಿಸುವಂತೆ ತಮಗೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ಬಹಿರಂಗವಾಗಿ ಹೇಳಿದರು.

ಇಲ್ಲಿ ನಿಂತು ಯೋಚಿಸಬೇಕು. ಬೆದರಿಕೆ ಯಾಕೆ ಬಂತು? ಬಾಬಾಸಾಹೇಬರ ಮೇಲೆ ಪುಸ್ತಕಗಳಿರಲಿಲ್ಲವೆ? 2000ದಲ್ಲಿ ಜಬ್ಬಾರ್ ಪಟೇಲರು ಮಾಡಿದ, ಮಮ್ಮುಟ್ಟಿ ನಟಿಸಿದ ಸಿನಿಮಾ ಇರಲಿಲ್ಲವೆ? 2014ರಲ್ಲಿ ಶ್ಯಾಮ್ ಬೆನಗಲ್ಲರ 'ಸಂವಿಧಾನ್' ರಾಜ್ಯಸಭಾ ಟೀವಿಯಲ್ಲಿ ಬಂದಿರಲಿಲ್ಲವೆ? ಇದ್ದವು, ಯಾರೂ ನಿದ್ದೆಗೆಡಲಿಲ್ಲ. ಬೇಕಾದವರು ಹುಡುಕಿ ನೋಡುತ್ತಾರೆ ಬಿಡು ಎಂಬಂತಿತ್ತು. 'ಮಹಾನಾಯಕ' ಬಂದದ್ದು ಹಾಗಲ್ಲ. ಅತ್ತೆ ಸೊಸೆಯರ ಜಗಳ ಬರುವ ಅದೇ ಚಾನೆಲ್ಲಿನಲ್ಲಿ, ಊರೆಲ್ಲ ಟೀವಿ ಹಾಕುವ ವಾರಾಂತ್ಯದ ಸಂಜೆ ಅದು ಬಂತು. ನೀರು ಕೇಳಿದ್ದಕ್ಕೆ ಏಟು ತಿನ್ನುವ ಹುಡುಗ ಭೀಮ ಗೌಡರ ಹಜಾರಕ್ಕೂ, ಅಗ್ರಹಾರದ ಹಜಾರಕ್ಕೂ ಕರೆಯದೆ ಬಂದು ಕೂತ. ಚಾನೆಲ್ ಬದಲಾಯಿಸಿದವರೂ ಅವನನ್ನು ಒಂದು ಗಳಿಗೆ ನೋಡಿಯೇ ಬದಲಾಯಿಸಬೇಕಾಯಿತು. ಕೇರಿ ನೋಡುತ್ತಿದೆ ಎಂದು ಊರಿಗೆ ಗೊತ್ತಿತ್ತು. ಊರಿಗೆ ಗೊತ್ತಿದೆ ಎಂದು ಕೇರಿಗೂ ಗೊತ್ತಿತ್ತು. ಫ್ಲೆಕ್ಸು ಹೇಳುತ್ತಿದ್ದುದು ಅದನ್ನೇ. ಧಾರಾವಾಹಿಯ ಕಲಾಗುಣ ಎಷ್ಟು ಎಂದು ಅಳೆಯುವ ವಿಮರ್ಶಕನಿಗೆ ಅಲ್ಲಿ ಸಿಗುವುದು ಕಡಿಮೆಯೇ ಇರಬಹುದು. ಅದರ ಶಕ್ತಿ ಇದ್ದದ್ದು ಅದು ಎಲ್ಲರ ನಡುವೆ ಬಂದದ್ದರಲ್ಲಿ.

ಮಹಾಡ್‌ನ ಚವದಾರ್ ಕೆರೆಯನ್ನು ನೆನೆಯಿರಿ. ಕೆರೆ ಎಲ್ಲರಿಗೂ ಮುಕ್ತ ಎಂದು ಅಲ್ಲಿನ ಮುನ್ಸಿಪಾಲಿಟಿ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಮ್ಮವರು ದಂಡೆಯ ಆಚೆ ಇದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ನೀರು ಮುಟ್ಟಿದ್ದು ಬಾಯಾರಿಕೆಗಾಗಿ ಅಲ್ಲ. ಬಾಯಾರಿಕೆಯೇ ಪ್ರಶ್ನೆಯಾಗಿದ್ದರೆ ಕೇರಿಗೊಂದು ಪ್ರತ್ಯೇಕ ಬಾವಿ ತೋಡಿಸಿ ಕೈತೊಳೆದುಕೊಳ್ಳಲು ಆಗಲೂ ಜನ ಸಿದ್ಧರಿದ್ದರು. ಪ್ರಶ್ನೆ ಇದ್ದದ್ದು ಎಲ್ಲರದೆನಿಸಿದ ನೀರು ನಮ್ಮದೂ ಹೌದೋ ಅಲ್ಲವೋ ಎಂಬುದು.

ಈಗ ನಮ್ಮ ತುಮಕೂರು ಸೀಮೆಯ ಅನುಭವಕ್ಕೆ ಬನ್ನಿ. ಊರ ಬಾವಿಗೆ ದಲಿತರು ಇಳಿಯುವ ಹೊತ್ತಿಗೆ ಉಳ್ಳವರು ತಮ್ಮ ತಮ್ಮ ಹಿತ್ತಲಲ್ಲಿ ಬೋರು ಕೊರೆಸಿಕೊಂಡರು. ಬಾವಿಗೆ ಕಸ ಬಿತ್ತು. ಸರ್ಕಾರಿ ಶಾಲೆಯ ಬೆಂಚಿನಲ್ಲಿ ನಮ್ಮ ಮಕ್ಕಳು ಕೂರುವ ಹೊತ್ತಿಗೆ ಅವರ ಮಕ್ಕಳು ಕಾನ್ವೆಂಟಿನ ಬಸ್ಸು ಹತ್ತಿದರು. ಯಾರೂ ಯಾರನ್ನೂ ಮುಟ್ಟಬೇಡ ಎನ್ನಲಿಲ್ಲ. ಎದ್ದು ಹೋದರು, ಅಷ್ಟೇ. ಸಾಮಾನ್ಯವಾದದ್ದರಲ್ಲಿ ನಮಗೆ ಪಾಲು ಸಿಗುವ ಹೊತ್ತಿಗೆ ಅದೇ ಖಾಲಿಯಾಗುವುದು ಈ ಕಾಲದ ಅಸ್ಪೃಶ್ಯತೆಯ ಹೊಸ ನಡೆ. ಕೇಬಲ್ ಕಡಿಸುವುದನ್ನು ನಾನು ಈ ಸಾಲಿನಲ್ಲಿಟ್ಟು ನೋಡಬೇಕೆನ್ನುತ್ತೇನೆ.

ಜನ ಕೇಬಲ್ ಬಿಡಲು ಕಾರಣಗಳು ಕಣ್ಣೆದುರೇ ಇವೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಫೋನಿನ ಡೇಟಾ ಅಗ್ಗವಾಯಿತು. 2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರ ನೀತಿ ಜಾರಿಯಾಯಿತು: ನೂರು ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ದುಡ್ಡಿನ ಚಾನೆಲ್ಲುಗಳಿಗೆ ಬೇರೆ ಬೇರೆ ಬೆಲೆ. ಎರಡು ಮೂರು ಕನ್ನಡ ಚಾನೆಲ್ ಸೇರಿಸಿದರೆ ಒಂದು ದಿನದ ಕೂಲಿಗೇ ಕೈಹಾಕಬೇಕು. ಫೋನಿಗಂತೂ ರೀಚಾರ್ಜ್ ಮಾಡಿಸಲೇಬೇಕು, ಇದ್ಯಾಕೆ ದಂಡ ಅಂತ ಜನ ಕೇಳಿದರೆ ತಪ್ಪೇನು? ಡಿಶ್ ಇಟ್ಟುಕೊಂಡವರದೂ ಇದೇ ಕತೆ. ದೇಶದಲ್ಲಿ ದುಡ್ಡು ಕಟ್ಟುವ ಡಿಟಿಎಚ್ ಸಂಪರ್ಕಗಳು 2021ರಲ್ಲಿ ಸುಮಾರು 7 ಕೋಟಿ ಇದ್ದವು, 2024ರ ಮಾರ್ಚ್ ವೇಳೆಗೆ 6.2 ಕೋಟಿಯ ಆಸುಪಾಸಿಗೆ ಇಳಿದವು.

ಆದರೆ ಕೇಬಲ್ ಬಿಟ್ಟವರೆಲ್ಲ ಒಂದೇ ಕಡೆ ಹೋಗಲಿಲ್ಲ. ಅನುಕೂಲಸ್ಥರ ಮನೆಗೆ ಫೈಬರ್ ಬಂತು, ಗೋಡೆಯಗಲದ ಸ್ಮಾರ್ಟ್ ಟೀವಿ ಬಂತು, ವರ್ಷದ ಚಂದಾ ಒಟ್ಟಿಗೇ ಕಟ್ಟಿದರು. ಕೇರಿಯ ಹುಡುಗ ಅಂಗೈಯಗಲದ ಫೋನಿನಲ್ಲಿ ದಿನದ ಡೇಟಾ ಮುಗಿಯುವವರೆಗೆ ನೋಡುತ್ತಾನೆ. ಅವನು ಗಾರ್ಮೆಂಟ್ಸಿಗೋ ಗಾರೆ ಕೆಲಸಕ್ಕೋ ಹೋದರೆ ಫೋನೂ ಹೋಯಿತು. ಮನೆಯಲ್ಲುಳಿದ ಅವ್ವನಿಗೆ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್, ಅದರಲ್ಲಿ ಬರುವ ಚಂದನ. ಒಂದೇ ವೈರಿಗೆ ಸಿಕ್ಕಿಕೊಂಡಿದ್ದ ಊರು ಮೂರು ಪಾಲಾಯಿತು. ಪುಕ್ಕಟೆ ಎಂಬ ಮಾತಾದರೂ ಉಳಿಯಿತೇ? 2023ರಲ್ಲಿ ಜಿಯೋಸಿನಿಮಾ ಪುಕ್ಕಟೆ ತೋರಿಸಿದ ಐಪಿಎಲ್‌ಗೆ, 2025ರ ಫೆಬ್ರವರಿಯಲ್ಲಿ ಎರಡು ಆಪುಗಳು ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಚಂದಾ, ಇಲ್ಲವೇ ಅದನ್ನು ಕೂಡಿಸಿದ ರೀಚಾರ್ಜ್ ಬೇಕಾಯಿತು.

ಇದಕ್ಕೆ ಎದುರಾಗಿ ನಮ್ಮ ಯುವಕರು ಹೇಳುವ ಮಾತೊಂದಿದೆ, ಅದನ್ನು ಗೌರವದಿಂದ ಕೇಳಬೇಕು. "ಕೇಬಲ್ಲಿನಲ್ಲಿ ನಮಗೇನು ತೋರ್ಸಿದ್ರು ಸಾರ್? ಜೈ ಭೀಮ್ ನೋಡಿದ್ದು ಫೋನಲ್ಲೇ ತಾನೆ?" ನಿಜ. 2021ರಲ್ಲಿ 'ಸಾರ್ಪಟ್ಟ ಪರಂಬರೈ' ಮತ್ತು 'ಜೈ ಭೀಮ್' ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ಬಂದವು. ಪ. ರಂಜಿತ್, ಮಾರಿ ಸೆಲ್ವರಾಜ್, ನಾಗರಾಜ ಮಂಜುಳೆ ಅವರ ಹೆಸರುಗಳು ನಮ್ಮ ಹಾಸ್ಟೆಲ್ಲುಗಳಲ್ಲಿ ಇಂದು ಬಾಯಿಮಾತಾಗಿರುವುದಕ್ಕೆ ಈ ಪುಟ್ಟ ತೆರೆಯ ಪಾಲು ದೊಡ್ಡದು. ಇನ್ನೊಂದು ಮಾತು: ರಿಮೋಟು ಎಂದೂ ಕೈಗೆ ಸಿಗದ ಹೆಣ್ಣುಮಗಳಿಗೆ ಫೋನೇ ತನ್ನದೊಂದು ಕೋಣೆ. ಎಲ್ಲರ ಜೊತೆ ನೋಡುವುದೆಂದರೆ ಅಪ್ಪ ಹಾಕಿದ್ದನ್ನು ನೋಡುವುದು ಎಂದು ಅವಳಿಗೆ ಗೊತ್ತು. ಆದ್ದರಿಂದ ಕೇಬಲ್ ಕಾಲವೇ ಚೆನ್ನಾಗಿತ್ತು ಎಂಬ ಹಳಹಳಿಕೆ ನಮ್ಮದಲ್ಲ. ದಲಿತರಿಗೆ ಹಳೆಯ ಸುವರ್ಣಯುಗ ಯಾವುದೂ ಇಲ್ಲ.

ಆದರೆ 'ಜೈ ಭೀಮ್' ಯಾರ ಫೋನಿಗೆ ಬಂತು? ಹುಡುಕಿದವನ ಫೋನಿಗೆ. ಹುಡುಕದವನಿಗೆ ಅದು ಹುಟ್ಟಲೇ ಇಲ್ಲ. ಆಪು ನಡೆಯುವ ಬಗೆಯನ್ನು ನಮ್ಮ ಭಾಷೆಯಲ್ಲೇ ಹೇಳಬಹುದು: ಅದು ಯಂತ್ರದ ಕರ್ಮಸಿದ್ಧಾಂತ. ನೀನು ಹಿಂದೆ ಏನು ನೋಡಿದೆಯೋ ಅದರ ಫಲವಾಗಿ ಮುಂದಿನದು ನಿನ್ನ ಪಾಲಿಗೆ ಬರುತ್ತದೆ. ದೇವರ ಕತೆ ನೋಡಿದವನಿಗೆ ಮತ್ತೆ ದೇವರು, ಹೊಡೆದಾಟ ನೋಡಿದವನಿಗೆ ಮತ್ತೆ ಹೊಡೆದಾಟ. ತಾನು ಹುಟ್ಟಿದ ವೃತ್ತದಿಂದ ನೋಡುಗ ಹೊರಗೆ ಬರಬೇಕಾಗಿಯೇ ಇಲ್ಲ. ಊರಿನ ಹುಡುಗನ ತೆರೆಗೆ ಭೀಮ ಬರುವುದಿಲ್ಲ. ಕೇರಿಯ ಹುಡುಗನ ತೆರೆಯಲ್ಲಿ ಭೀಮ ಬಂದದ್ದು ಊರಿಗೆ ತಿಳಿಯುವುದಿಲ್ಲ. 'ಮಹಾನಾಯಕ' ಮೊದಲು ಆಪಿನಲ್ಲೇ ಬಂದಿದ್ದರೆ ಬೆದರಿಕೆ ಕರೆ ಬರುತ್ತಿತ್ತೆ? ಫ್ಲೆಕ್ಸು ಏಳುತ್ತಿತ್ತೆ?

ಬೆದರಿಸುವ ಕೆಲಸವೂ ಈಗ ಯಾರಿಗೂ ಬೇಕಾಗಿಲ್ಲ. ಕಂಪನಿ ಕೊಳ್ಳದಿದ್ದರೆ ಮುಗಿಯಿತು. ಕನ್ನಡಕ್ಕೆ ಮಾರುಕಟ್ಟೆಯಿಲ್ಲ ಎಂಬ ಒಂದೇ ಮಾತು ಸಾಕು. 'ಏಕಂ' ಎಂಬ ಕನ್ನಡ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ, ಹೆಸರಾಂತ ನಟ ರಕ್ಷಿತ್ ಶೆಟ್ಟರ ಸಂಸ್ಥೆಯೇ 2024ರ ಜುಲೈನಲ್ಲಿ ತನ್ನದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಅವರ ಗತಿಯೇ ಹೀಗಾದರೆ ಕೇರಿಯಿಂದ ಬಂದು ಸಾಲ ಮಾಡಿ ಸಿನಿಮಾ ತೆಗೆದವನ ಗತಿ ಏನು? ಟೀವಿ ಕಚೇರಿಯ ಮುಂದೆ ಧರಣಿ ಕೂರಬಹುದಿತ್ತು. ಈ ಆಪುಗಳ ಕಚೇರಿಯ ಬಾಗಿಲು ಎಲ್ಲಿದೆ ಎಂದು ಯಾರಿಗೆ ಗೊತ್ತು?

ಹಾಗಾದರೆ ಮಾಡುವುದೇನು? ಕೇಬಲ್ ಮತ್ತೆ ಹಾಕಿಸಿ ಅಂತ ಹೇಳಲು ನಾನು ಹೊರಟಿಲ್ಲ. ಬೋರು ಬೇಡವೆಂದು ಯಾರಿಗೂ ಹೇಳಲಾಗದು. ಊರ ಬಾವಿಯನ್ನು ಮಾತ್ರ ಬಿಡಬಾರದು. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹಳ್ಳಿಗಳಲ್ಲಿ ಅಂಬೇಡ್ಕರ್ ಭವನಗಳಿವೆ. ಎಷ್ಟೋ ಭವನಗಳಿಗೆ ಏಪ್ರಿಲ್ 14ರಂದು ಬೀಗ ತೆಗೆದರೆ ಮತ್ತೆ ತೆಗೆಯುವುದು ಮದುವೆಗೆ. ಅಲ್ಲೊಂದು ದೊಡ್ಡ ತೆರೆ, ಒಂದು ಇಂಟರ್ನೆಟ್ ಸಂಪರ್ಕ ಕೇಳುವುದು ಭಿಕ್ಷೆಯಲ್ಲ, ಪಂಚಾಯ್ತಿಯ ದುಡ್ಡಿನಲ್ಲಿ ನಮ್ಮ ಪಾಲು. ತಿಂಗಳಿಗೆರಡು ಸಂಜೆ ಸಂಘಟನೆಯ ಗೆಳೆಯರು ಅಲ್ಲಿ ಸಿನಿಮಾ ಹಾಕಲಿ. ಕೇರಿಗೆ ಮಾತ್ರವಲ್ಲ, ಊರಿಗೆಲ್ಲ ಟಾಂಟಾಂ ಹೊಡೆಸಲಿ. ಬರದವರು ಬರಲಿಲ್ಲವೆಂಬುದು ಊರಿಗೆ ಕಾಣಲಿ. ಯಾವ ಸಿನಿಮಾ ಹಾಕಬೇಕೆಂಬುದನ್ನು ಹೆಣ್ಣುಮಕ್ಕಳೂ ತೀರ್ಮಾನಿಸಲಿ. ಮುಗಿದ ಮೇಲೆ ಯಾರೂ ತಕ್ಷಣ ಏಳದೆ ಅರ್ಧ ಗಂಟೆ ಜಗಳವಾಡಲಿ.

ದಲಿತ ವಿಮರ್ಶೆಗೆ ಆ ಅರ್ಧ ಗಂಟೆಯಲ್ಲಿ ಕೆಲಸವಿದೆ. ಬರೆಯುವವರು ಅಲ್ಲಿ ಹೋಗಿ ಕೂತು ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಬರೆಯಬೇಕು.